ಬೌದ್ಧಧರ್ಮದಲ್ಲಿ ಕರ್ಮ, ರೋಗ ಮತ್ತು ಶುಶ್ರೂಷೆ

ಕಾಯಿಲೆ ಏಕೆ ಬರುತ್ತದೆ, ಅದರಲ್ಲಿ ಹಿಂದೆ ಮಾಡಿದ ಕರ್ಮದ ಪಾಲು ಎಷ್ಟು, ಧ್ಯಾನ ಪಠಣ ಪೂಜೆಗಳಿಂದ ಅದು ವಾಸಿಯಾಗುವುದೇ ಎಂಬ ಪ್ರಶ್ನೆಗಳಿಗೆ ಬೌದ್ಧ ಪರಂಪರೆಗಳು ಕೊಟ್ಟ ಉತ್ತರಗಳು ಒಂದೇ ಬಗೆಯವಲ್ಲ. 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆಯಲ್ಲಿರುವ ಕರ್ಮದ ಕಲ್ಪನೆಯೇ ಬುದ್ಧನದೂ ಆಗಿತ್ತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಪಾಲಿ ತ್ರಿಪಿಟಕದಲ್ಲಿ ಸಿಗುವ ಮಾತು ಇದಕ್ಕಿಂತ ಎಚ್ಚರದ್ದು. ಅಲ್ಲಿ ಕರ್ಮವು ರೋಗದ ಹಲವು ಕಾರಣಗಳಲ್ಲಿ ಒಂದು ಮಾತ್ರ. ನಂತರದ ಶತಮಾನಗಳಲ್ಲಿ ವ್ಯಾಖ್ಯಾನಕಾರರೂ ಕಥೆಗಾರರೂ ಜನಸಾಮಾನ್ಯರೂ ಆ ಒಂದು ಕಾರಣವನ್ನು ಬೆಳೆಸುತ್ತ ಹೋದರು. ಅದೇ ಕಾಲದಲ್ಲಿ ರೋಗಿಯ ಆರೈಕೆಯನ್ನು ಧರ್ಮದ ಕೆಲಸವೆಂದು ಬಗೆದು ಔಷಧಶಾಲೆಗಳನ್ನು ಕಟ್ಟಿದ್ದೂ ಇದೇ ಪರಂಪರೆ. ಇವೆರಡೂ ಒಟ್ಟೊಟ್ಟಿಗೆ ಸಾಗಿಬಂದ ಬಗೆಯೇ ಈ ವಿಷಯದ ತಿರುಳು.

ಎಂಟು ಕಾರಣಗಳು

ಚರ್ಚೆಗೆಲ್ಲ ಮೊದಲ ಆಕರ ಸಂಯುತ್ತನಿಕಾಯದ ಸೀವಕ ಸುತ್ತ. ರಾಜಗೃಹದ ವೇಳುವನದಲ್ಲಿ ಬುದ್ಧ ತಂಗಿದ್ದಾಗ ಮೋಳಿಯ ಸೀವಕನೆಂಬ ಪರಿವ್ರಾಜಕ ಬಂದು, ಮನುಷ್ಯ ಅನುಭವಿಸುವ ಸುಖದುಃಖಗಳೆಲ್ಲ ಹಿಂದಿನ ಕರ್ಮದ ಫಲವೆಂದು ಕೆಲವು ಶ್ರಮಣ ಬ್ರಾಹ್ಮಣರು ಹೇಳುತ್ತಾರೆ, ನಿಮ್ಮ ಅಭಿಪ್ರಾಯವೇನು ಎಂದು ಕೇಳುತ್ತಾನೆ. ಬುದ್ಧ ಒಪ್ಪುವುದಿಲ್ಲ. ಕೆಲವು ವೇದನೆಗಳು ಪಿತ್ತದಿಂದ ಬರುತ್ತವೆ, ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಮೂರರ ಸನ್ನಿಪಾತದಿಂದ. ಕೆಲವು ಹವಾಮಾನದ ಬದಲಾವಣೆಯಿಂದ, ಕೆಲವು ಹಿತಮಿತವಿಲ್ಲದ ನಡವಳಿಕೆಯಿಂದ, ಕೆಲವು ಹೊರಗಿನ ಪೆಟ್ಟಿನಿಂದ, ಕೆಲವು ಕರ್ಮವಿಪಾಕದಿಂದ. ಎಂಟನೆಯದಾಗಿ, ಕೊನೆಗೆ, ಕರ್ಮದ ಹೆಸರು ಬರುತ್ತದೆ. ಎಲ್ಲವನ್ನೂ ಪೂರ್ವಕರ್ಮಕ್ಕೆ ಹೊರಿಸುವವರು ತಮ್ಮ ಸ್ವಂತ ಅನುಭವವನ್ನೂ ಲೋಕ ಸತ್ಯವೆಂದು ಒಪ್ಪಿರುವುದನ್ನೂ ಮೀರಿ ಮಾತಾಡುತ್ತಿದ್ದಾರೆ ಎಂಬುದು ಅವನ ಆಕ್ಷೇಪ. ವಾತಪಿತ್ತಕಫಗಳ ಈ ಪಟ್ಟಿ ಅಂದಿನ ವೈದ್ಯರ ಭಾಷೆಯಿಂದ ಬಂದದ್ದು. ಧರ್ಮದ ಪ್ರಶ್ನೆಗೆ ಬುದ್ಧ ಇಲ್ಲಿ ವೈದ್ಯಕೀಯದ ಉತ್ತರ ಕೊಟ್ಟಿದ್ದಾನೆ.

ಮಜ್ಝಿಮನಿಕಾಯದ ದೇವದಹ ಸುತ್ತದಲ್ಲಿ ಇದೇ ವಾದ ಇನ್ನಷ್ಟು ಮೊನಚಾಗಿದೆ. ದುಃಖವೆಲ್ಲ ಹಿಂದೆ ಮಾಡಿದ್ದರ ಫಲವೆನ್ನುವುದಾದರೆ, ಕಠಿಣ ತಪಸ್ಸಿನಲ್ಲಿ ಇಷ್ಟೊಂದು ನೋವು ತಿನ್ನುತ್ತಿರುವ ನಿಗ್ರಂಥರು, ಅಂದರೆ ಜೈನ ಮುನಿಗಳು, ಹಿಂದೆ ಘೋರ ಪಾಪಿಗಳಾಗಿದ್ದಿರಬೇಕಲ್ಲವೇ ಎಂದು ಬುದ್ಧ ಕೆಣಕುತ್ತಾನೆ. ಜೈನರ ವೇದನೀಯ ಕರ್ಮದ ಸಿದ್ಧಾಂತ ನಿಜಕ್ಕೂ ಇದಕ್ಕಿಂತ ಸೂಕ್ಷ್ಮವಾದದ್ದು. ಎದುರಾಳಿಯ ನಿಲುವನ್ನು ವಾದದ ಅನುಕೂಲಕ್ಕೆ ಸರಳಗೊಳಿಸುವ ರೂಢಿ ಆಗಲೂ ಇತ್ತು.

ಹಾಗೆಂದು ಬುದ್ಧ ಕರ್ಮವನ್ನು ರೋಗದಿಂದ ಪೂರ್ತಿ ಬಿಡಿಸಿದನೆನ್ನಲಾಗದು. ಚೂಳಕಮ್ಮವಿಭಂಗ ಸುತ್ತದಲ್ಲಿ ತೋದೆಯ್ಯನ ಮಗ ಸುಭನಿಗೆ ಅವನು ಹೇಳುವ ಪ್ರಕಾರ, ಪ್ರಾಣಿಗಳನ್ನು ಕೈಯಿಂದಲೋ ಹೆಂಟೆಯಿಂದಲೋ ದೊಣ್ಣೆಯಿಂದಲೋ ಆಯುಧದಿಂದಲೋ ಹಿಂಸಿಸಿದವನು ಮುಂದೆ ಮನುಷ್ಯನಾಗಿ ಹುಟ್ಟಿದರೂ ರೋಗಿಷ್ಠನಾಗುತ್ತಾನೆ. ಹಿಂಸೆ ಬಿಟ್ಟವನು ಆರೋಗ್ಯವಂತನಾಗುತ್ತಾನೆ. ಎರಡು ಸುತ್ತಗಳನ್ನು ಎದುರುಬದುರು ಇಟ್ಟರೆ ಗೊಂದಲವಾಗುತ್ತದೆ. ಆದರೆ ಅವುಗಳ ದಿಕ್ಕು ಬೇರೆ ಬೇರೆ. ಸುಭನಿಗೆ ಹೇಳಿದ್ದು ಕರ್ಮದಿಂದ ಫಲದ ಕಡೆಗೆ: ಹಿಂಸಿಸಿದರೆ ರೋಗ ಬಂದೀತು. ಸೀವಕ ಕೇಳಿದ್ದು ಫಲದಿಂದ ಕರ್ಮದ ಕಡೆಗೆ: ರೋಗ ಬಂದಿದೆ, ಹಾಗಾದರೆ ಹಿಂಸಿಸಿರಲೇಬೇಕೇ? ಮೊದಲನೆಯದು ನಾಳೆಗಾಗಿ ಕೊಟ್ಟ ಎಚ್ಚರಿಕೆ. ಎರಡನೆಯದು ಹಾಸಿಗೆ ಹಿಡಿದವನ ಮೇಲೆ ಹೊರಿಸುವ ಆರೋಪ, ಅದಕ್ಕೆ ಪಾಲಿ ಗ್ರಂಥಗಳ ಸಮ್ಮತಿಯಿಲ್ಲ. ಕರ್ಮದ ವಿಪಾಕ ಚಿಂತಿಸಿ ಬಗೆಹರಿಯುವ ವಿಷಯವಲ್ಲ, ಅದನ್ನೇ ಕೆದಕುತ್ತ ಕೂತವನಿಗೆ ಹುಚ್ಚು ಹಿಡಿದೀತು ಎಂದು ಅಂಗುತ್ತರನಿಕಾಯ ಎಚ್ಚರಿಸುತ್ತದೆ.

ಗ್ರೀಕ್ ಮೂಲದ ರಾಜ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದವೆನ್ನಲಾದ 'ಮಿಲಿಂದಪಞ್ಹ'ದಲ್ಲಿ ಈ ಪ್ರಶ್ನೆ ಬುದ್ಧನ ದೇಹದ ಸುತ್ತಲೇ ತಿರುಗುತ್ತದೆ. ಸರ್ವ ಅಕುಶಲವನ್ನೂ ಸುಟ್ಟ ಬುದ್ಧನಿಗೆ ಅವನ ವೈರಿ ದೇವದತ್ತ ಉರುಳಿಸಿದ ಬಂಡೆಯ ಚೂರು ತಾಗಿ ಕಾಲಿಗೆ ಗಾಯವಾದದ್ದೇಕೆ, ಅತಿಸಾರವಾದದ್ದೇಕೆ? ನಾಗಸೇನ ಅದೇ ಎಂಟು ಕಾರಣಗಳನ್ನು ಮುಂದಿಟ್ಟು, ಲೋಕದ ನೋವಿನಲ್ಲಿ ಕರ್ಮದಿಂದ ಹುಟ್ಟುವುದು ಸ್ವಲ್ಪ, ಉಳಿದದ್ದೇ ಹೆಚ್ಚು ಎನ್ನುತ್ತಾನೆ. ಆದರೆ ಪಾಲಿ ಸಂಗ್ರಹದಲ್ಲೇ ಸೇರಿರುವ 'ಅಪದಾನ'ದ ಒಂದು ಭಾಗ ಇದಕ್ಕೆ ನೇರ ವಿರುದ್ಧ. ಅಲ್ಲಿ ಬುದ್ಧನ ಬೆನ್ನುನೋವಿಗೆ ಕಾರಣ, ಹಿಂದೊಂದು ಜನ್ಮದಲ್ಲಿ ಅವನು ಮಲ್ಲನಾಗಿ ಎದುರಾಳಿಯನ್ನು ಜಖಂ ಮಾಡಿದ್ದು. ತಲೆನೋವಿಗೆ ಕಾರಣ, ಬೆಸ್ತರ ಹುಡುಗನಾಗಿ ಮೀನುಗಳ ಸಾವು ಕಂಡು ಹಿಗ್ಗಿದ್ದು. ಅತಿಸಾರಕ್ಕೆ ಕಾರಣ, ವೈದ್ಯನಾಗಿ ಶ್ರೇಷ್ಠಿಯೊಬ್ಬನ ಮಗನಿಗೆ ಭೇದಿಮದ್ದು ಕೊಟ್ಟಿದ್ದು. ಒಂದೇ ಪರಂಪರೆಯೊಳಗೆ ಎರಡು ದನಿಗಳು. ಜನರ ಮನಸ್ಸನ್ನು ಹಿಡಿದದ್ದು ಎರಡನೆಯದು. ಏಕೆಂದರೆ ಅದರಲ್ಲಿ ಕಥೆ ಇದೆ.

ಕಥೆಗಳಲ್ಲಿ ಕರ್ಮ

ಧಮ್ಮಪದದ ವ್ಯಾಖ್ಯಾನವಾದ ಅಟ್ಠಕಥೆ ಶುರುವಾಗುವುದೇ ಕುರುಡ ಭಿಕ್ಷು ಚಕ್ಖುಪಾಲನ ಕಥೆಯಿಂದ. ಹಿಂದಿನ ಜನ್ಮದಲ್ಲಿ ಅವನು ವೈದ್ಯ. ಕಣ್ಣು ಕಾಣದ ಹೆಂಗಸೊಬ್ಬಳು ವಾಸಿಯಾದರೆ ಮಕ್ಕಳೊಂದಿಗೆ ನಿನ್ನ ದಾಸಿಯಾಗುತ್ತೇನೆಂದು ಮಾತು ಕೊಡುತ್ತಾಳೆ. ವಾಸಿಯಾದ ಮೇಲೆ ಮಾತು ತಪ್ಪಿಸಲು ಇನ್ನೂ ಕಾಣುತ್ತಿಲ್ಲವೆಂದು ನಟಿಸುತ್ತಾಳೆ. ಸಿಟ್ಟಾದ ವೈದ್ಯ ಬೇರೊಂದು ಮದ್ದು ಹಾಕಿ ಅವಳ ಕಣ್ಣು ಕಳೆಯುತ್ತಾನೆ. ಅಪದಾನದ ಅತಿಸಾರದ ಪ್ರಸಂಗದಲ್ಲೂ ತಪ್ಪಿತಸ್ಥ ವೈದ್ಯನೇ ಎಂಬುದನ್ನು ಗಮನಿಸಬೇಕು. ಕೈಯಲ್ಲಿ ಔಷಧವಿದ್ದವನ ಹೊಣೆ ಎಷ್ಟು ದೊಡ್ಡದೆಂದು ಈ ಕಥೆಗಾರರು ಯೋಚಿಸಿದ್ದರು.

ಇನ್ನೊಂದು ಕಥೆ ಶ್ರಾವಸ್ತಿಯ ಪೂತಿಗತ್ತ ತಿಸ್ಸನದು. ಮೈಯೆಲ್ಲ ಹುಣ್ಣಾಗಿ ಕೀವು ಸೋರಿ, ಮೂಳೆಗಳು ಮುರಿಯುವ ಹಂತ ತಲುಪಿದಾಗ ಜೊತೆಗಿದ್ದ ಭಿಕ್ಷುಗಳು ಅವನನ್ನು ಹೊರಗೆ ಮಲಗಿಸಿ ಕೈಬಿಡುತ್ತಾರೆ. ಬುದ್ಧ ಬರುತ್ತಾನೆ. ತಾನೇ ಒಲೆಯ ಮೇಲೆ ನೀರು ಕಾಯಿಸುತ್ತಾನೆ. ಬಟ್ಟೆ ಒಗೆಸಿ, ಮೈ ತೊಳೆಸಿ, ಒಣಗಿದ ಬಟ್ಟೆ ಹೊದಿಸುತ್ತಾನೆ. ಮೈ ಹಗುರವಾಗಿ ಮನಸ್ಸು ನೆಲೆಗೊಂಡ ಮೇಲೆ ಧರ್ಮ ಹೇಳುತ್ತಾನೆ; ಅದನ್ನು ಕೇಳಿ ತಿಸ್ಸ ಶಾಂತನಾಗಿ ಸಾಯುತ್ತಾನೆ. ಅವನಿಗೆ ಇಂಥ ರೋಗ ಬಂದದ್ದೇಕೆಂದು ಭಿಕ್ಷುಗಳು ಕೇಳುವುದು ಆಮೇಲೆ. ಹಿಂದೆ ಹಕ್ಕಿ ಹಿಡಿಯುವವನಾಗಿ ಹಕ್ಕಿಗಳು ಹಾರಿಹೋಗದಂತೆ ಅವುಗಳ ಕಾಲು ರೆಕ್ಕೆ ಮುರಿಯುತ್ತಿದ್ದ ಎಂಬ ಉತ್ತರ ಬರುತ್ತದೆ. ಕಥೆಯನ್ನು ಕರ್ಮಫಲದ ಉದಾಹರಣೆಯಾಗಿ ಹೇಳುವುದು ರೂಢಿ. ಅದರ ಕ್ರಮ ಮಾತ್ರ ಬೇರೆಯದನ್ನೇ ಹೇಳುತ್ತದೆ: ಮೊದಲು ಬಿಸಿನೀರು, ಆಮೇಲೆ ಧರ್ಮ, ಕಾರಣದ ಮಾತು ರೋಗಿ ತೀರಿಕೊಂಡ ಮೇಲೆ.

ವಿನಯದಲ್ಲಿ ರೋಗಿ

ಸಂಘದ ನಿಯಮಗಳ ಸಂಗ್ರಹವಾದ ವಿನಯಪಿಟಕದಲ್ಲಿ ರೋಗದ ವಿಚಾರ ಪೂರ್ತಿ ವ್ಯಾವಹಾರಿಕ. ಮಹಾವಗ್ಗದಲ್ಲಿ ಬರುವ ಪ್ರಸಂಗವೊಂದರಲ್ಲಿ, ಆಮಶಂಕೆಯಿಂದ ನರಳುತ್ತ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧನೂ ಅವನ ಶಿಷ್ಯ ಆನಂದನೂ ಕಾಣುತ್ತಾರೆ. ತಾನು ಯಾರಿಗೂ ಉಪಯೋಗಕ್ಕೆ ಬಾರದವನಾದ್ದರಿಂದ ಯಾರೂ ನೋಡಿಕೊಳ್ಳುತ್ತಿಲ್ಲವೆಂದು ಅವನು ಹೇಳುತ್ತಾನೆ. ಬುದ್ಧ ನೀರು ಹೊಯ್ಯುತ್ತಾನೆ, ಆನಂದ ಮೈ ತೊಳೆಯುತ್ತಾನೆ. ಒಬ್ಬ ತಲೆಯ ಕಡೆ ಇನ್ನೊಬ್ಬ ಕಾಲಿನ ಕಡೆ ಹಿಡಿದೆತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಮನೆ ಬಿಟ್ಟು ಬಂದ ನಿಮಗೆ ಇಲ್ಲಿ ತಾಯಿಯಿಲ್ಲ, ತಂದೆಯಿಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡುತ್ತಾರೆ ಎಂದು ಸಂಘವನ್ನು ಕೇಳಿ, ತನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎನ್ನುತ್ತಾನೆ. ಆರೈಕೆಯ ಹೊಣೆ ಯಾರ ನಂತರ ಯಾರದೆಂದು ಕ್ರಮ ಗೊತ್ತುಮಾಡಿ, ತಪ್ಪಿದರೆ ದೋಷವೆಂದೂ ವಿಧಿಸುತ್ತಾನೆ. ಆ ಭಿಕ್ಷುವಿನ ಪೂರ್ವಜನ್ಮದ ಮಾತು ಈ ಪ್ರಸಂಗದಲ್ಲಿ ಎಲ್ಲೂ ಇಲ್ಲ.

ಒಳ್ಳೆಯ ರೋಗಿ ಮತ್ತು ಒಳ್ಳೆಯ ಶುಶ್ರೂಷಕನ ಐದೈದು ಗುಣಗಳನ್ನೂ ಅಲ್ಲೇ ಹೇಳಿದೆ. ರೋಗಿ ಪಥ್ಯ ಪಾಲಿಸಬೇಕು, ಮಿತಿ ಅರಿತಿರಬೇಕು, ಮದ್ದು ತೆಗೆದುಕೊಳ್ಳಬೇಕು, ನೋವು ಹೆಚ್ಚೋ ಕಡಿಮೆಯೋ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಸಹಿಸಿಕೊಳ್ಳಬೇಕು. ಶುಶ್ರೂಷಕನಿಗೆ ಮದ್ದು ತಯಾರಿಸಲು ಬರಬೇಕು, ಯಾವುದು ಹಿತ ಯಾವುದು ಅಹಿತವೆಂದು ತಿಳಿದಿರಬೇಕು, ಲಾಭದಾಸೆಗಲ್ಲದೆ ಮೈತ್ರಿಯಿಂದ ನೋಡಿಕೊಳ್ಳಬೇಕು, ಮಲಮೂತ್ರ ವಾಂತಿಗಳಿಗೆ ಹೇಸಬಾರದು, ಸಮಯ ನೋಡಿ ಧರ್ಮದ ಮಾತಿನಿಂದ ರೋಗಿಗೆ ಉತ್ಸಾಹ ತುಂಬಬೇಕು. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಎಂಬ ಐದನ್ನು ಔಷಧವಾಗಿ ಹೊತ್ತಲ್ಲದ ಹೊತ್ತಿನಲ್ಲೂ ಸೇವಿಸಲು ಭಿಕ್ಷುಗಳಿಗೆ ಅನುಮತಿ ಸಿಕ್ಕಿತು. ಬೇರು, ಎಲೆ, ಕಾಯಿ, ಅಂಟು, ಉಪ್ಪುಗಳ ಉದ್ದ ಪಟ್ಟಿಯೂ ಇದೆ.

ತಕ್ಷಶಿಲೆಯಲ್ಲಿ ಏಳು ವರ್ಷ ಕಲಿತು ಬಂದ ವೈದ್ಯ ಜೀವಕ ಕೋಮಾರಭಚ್ಚನ ಹೆಸರು ಈ ಭಾಗದಲ್ಲಿ ಮೆರೆಯುತ್ತದೆ. ಬಿಂಬಿಸಾರನ ಭಗಂದರ, ಅವಂತಿಯ ಪ್ರದ್ಯೋತನ ಪಾಂಡುರೋಗ, ರಾಜಗೃಹದ ಶ್ರೇಷ್ಠಿಯ ತಲೆಯ ಶಸ್ತ್ರಚಿಕಿತ್ಸೆ, ಬುದ್ಧನಿಗೆ ತಾವರೆಯ ವಾಸನೆಯಿಂದಲೇ ಭೇದಿ ಮಾಡಿಸಿದ್ದು ಎಲ್ಲವೂ ಅವನ ಕೀರ್ತಿಯ ಕಥೆಗಳು. ಮಗಧದಲ್ಲಿ ಕುಷ್ಠ, ಕುರು, ತೊನ್ನು, ಕ್ಷಯ, ಅಪಸ್ಮಾರ ಹಬ್ಬಿದಾಗ ಜೀವಕನ ಚಿಕಿತ್ಸೆ ಪುಕ್ಕಟೆ ಸಿಗುತ್ತದೆಂದು ಜನ ಸಂಘ ಸೇರತೊಡಗಿದರು. ಗುಣವಾದೊಡನೆ ಕಾವಿ ಕಳಚಿ ಹೊರಟರು. ಜೀವಕನ ದೂರಿನ ಮೇಲೆ, ಈ ಐದು ರೋಗವಿದ್ದವರಿಗೆ ಪ್ರವ್ರಜ್ಯೆ ಕೊಡಬಾರದೆಂಬ ನಿಯಮವಾಯಿತು. ನಿಯಮದ ಹಿಂದಿದ್ದದ್ದು ಪಾಪದ ಭಯವಲ್ಲ, ವೈದ್ಯನೊಬ್ಬನ ಮೇಲೆ ಬಿದ್ದ ಹೊರೆ.

ಮನಸ್ಸಿನ ಚಿಕಿತ್ಸೆ

ದೇಹಕ್ಕೆ ಮದ್ದು ಸರಿ, ಸಾಧನೆಯಿಂದ ಆಗುವುದೇನು? ಸಲ್ಲತ್ಥ ಸುತ್ತದ ಉತ್ತರ ಪ್ರಸಿದ್ಧ. ನೋವು ಬಂದಾಗ ಸಾಮಾನ್ಯನಿಗೆ ಒಂದರ ಹಿಂದೆ ಒಂದು ಎರಡು ಬಾಣ ನಾಟುತ್ತವೆ: ದೇಹದ ನೋವು ಒಂದು, ಅದಕ್ಕಾಗಿ ಹಳಹಳಿಸುವ ಮನಸ್ಸಿನ ನೋವು ಇನ್ನೊಂದು. ಅಭ್ಯಾಸವಿದ್ದವನಿಗೆ ಮೊದಲನೆಯದು ತಪ್ಪುವುದಿಲ್ಲ, ಎರಡನೆಯದು ತಪ್ಪುತ್ತದೆ. ಮುಪ್ಪಿನಿಂದ ಕುಗ್ಗಿದ ನಕುಲಪಿತನಿಗೆ ಬುದ್ಧ ಹೇಳಿದ್ದೂ ಇಷ್ಟೇ, ದೇಹ ರೋಗಿಯಾದರೂ ಮನಸ್ಸು ರೋಗಿಯಾಗದಂತೆ ನೋಡಿಕೊ ಎಂದು.

ಆದರೆ ಕೆಲವು ಸುತ್ತಗಳು ಇದಕ್ಕಿಂತ ಹೆಚ್ಚಿನದನ್ನು ಹೇಳುತ್ತವೆ. ಗಿರಿಮಾನಂದನೆಂಬ ಭಿಕ್ಷು ತೀವ್ರ ಕಾಯಿಲೆ ಬಿದ್ದಾಗ, ಅನಿತ್ಯಸಂಜ್ಞೆಯಿಂದ ಹಿಡಿದು ಉಸಿರಿನ ಸ್ಮೃತಿಯವರೆಗೆ ಹತ್ತು ಭಾವನೆಗಳನ್ನು ಅವನೆದುರು ಹೇಳಿ ಬಾ ಎಂದು ಬುದ್ಧ ಆನಂದನನ್ನು ಕಳಿಸುತ್ತಾನೆ. ಅವುಗಳಲ್ಲಿ ಒಂದು ಕಣ್ಣಿನ ರೋಗ, ಕಿವಿಯ ರೋಗ, ಕೆಮ್ಮು, ಜ್ವರ, ಕುಷ್ಠ, ಮೂಲವ್ಯಾಧಿ ಎಂದು ದೇಹಕ್ಕೆ ಬರುವ ಬಾಧೆಗಳ ದೊಡ್ಡ ಪಟ್ಟಿ. ಹಾಸಿಗೆಯಲ್ಲಿರುವವನಿಗೆ ಇನ್ನಷ್ಟು ರೋಗಗಳ ಹೆಸರು ಹೇಳುವುದು ನಮಗೆ ವಿಚಿತ್ರವಾಗಿ ಕಂಡೀತು. ಗಿರಿಮಾನಂದ ಮಾತ್ರ ಕೇಳಿ ಎದ್ದು ಕೂತನಂತೆ. ಮಹಾಕಾಶ್ಯಪನೂ ಮೌದ್ಗಲ್ಯಾಯನನೂ ಕಾಯಿಲೆಯಾದಾಗ ಬುದ್ಧ ಅವರಿಗೆ ಏಳು ಬೋಧ್ಯಂಗಗಳನ್ನು, ಅಂದರೆ ಜ್ಞಾನೋದಯದ ಅಂಗಗಳನ್ನು, ಹೇಳಿದ. ಅವನೇ ಕಾಯಿಲೆ ಬಿದ್ದಾಗ ಮಹಾಚುಂದ ಅದನ್ನು ಹೇಳಿದ. ಮೂವರೂ ಚೇತರಿಸಿಕೊಂಡರು. ಗುಣವಾಗದವರ ಸುತ್ತಗಳೂ ಜೊತೆಗೇ ಇವೆ. ಸಾರಿಪುತ್ರನ ಉಪದೇಶ ಕೇಳಿದ ಗೃಹಸ್ಥ ಅನಾಥಪಿಂಡಿಕ ಬದುಕಲಿಲ್ಲ. ಎಂಬತ್ತರ ಬುದ್ಧ ಬೇಲುವ ಗ್ರಾಮದಲ್ಲಿ ಸಂಕಲ್ಪಬಲದಿಂದ ರೋಗವನ್ನು ತಡೆದರೂ, ಕಮ್ಮಾರ ಚುಂದನ ಮನೆಯ ಊಟದ ನಂತರದ ರಕ್ತಭೇದಿಯಿಂದ ಸೊರಗಿ ಕುಶೀನಗರದಲ್ಲಿ ತೀರಿಕೊಂಡ.

ಈ ಸುತ್ತಗಳೇ ಮುಂದೆ ಥೇರವಾದಿ ದೇಶಗಳಲ್ಲಿ ರಕ್ಷಾಪಠಣಗಳಾದವು. ಪಾಲಿಯಲ್ಲಿ ಪರಿತ್ತ, ಶ್ರೀಲಂಕಾದಲ್ಲಿ ಪಿರಿತ್. ಕ್ಷಾಮ, ಪಿಡುಗು, ಅಮಾನುಷ ಶಕ್ತಿಗಳಿಂದ ತತ್ತರಿಸಿದ್ದ ವೈಶಾಲಿಯಲ್ಲಿ ಆನಂದ ರತನಸುತ್ತ ಪಠಿಸುತ್ತ ಬುದ್ಧನ ಪಾತ್ರೆಯ ನೀರು ಚಿಮುಕಿಸಿದನೆಂದು ಅಟ್ಠಕಥೆ ಹೇಳುತ್ತದೆ. ಕೊಲೆಗಡುಕ ದರೋಡೆಕೋರನಾಗಿದ್ದ ಅಂಗುಲಿಮಾಲ ಭಿಕ್ಷುವಾದ ಮೇಲೆ, ತಾನು ಆರ್ಯಜನ್ಮ ಪಡೆದಂದಿನಿಂದ ಬೇಕೆಂದು ಯಾವ ಜೀವವನ್ನೂ ಕೊಂದಿಲ್ಲ ಎಂಬ ಸತ್ಯದ ಬಲದಿಂದ ಹೆರಿಗೆಯ ನೋವಿನಲ್ಲಿದ್ದ ಹೆಂಗಸಿಗೆ ಸುಖಪ್ರಸವ ಮಾಡಿಸಿದ; ಸಿಂಹಳ ಮನೆಗಳಲ್ಲಿ ಗರ್ಭಿಣಿಯರಿಗಾಗಿ ಇಂದಿಗೂ ಅಂಗುಲಿಮಾಲ ಪಿರಿತ್ ಹೇಳಿಸುತ್ತಾರೆ. ರಾತ್ರಿಯಿಡೀ ಪಠಣ ನಡೆದು, ಭಿಕ್ಷುಗಳೂ ಗೃಹಸ್ಥರೂ ಒಂದೇ ನೂಲನ್ನು ಹಿಡಿದು ಕೂತು, ಕೊನೆಗೆ ಆ ನೂಲನ್ನು ತುಂಡು ಮಾಡಿ ಮಣಿಕಟ್ಟಿಗೆ ಕಟ್ಟಿ, ಮಂತ್ರಿಸಿದ ನೀರು ಕೊಡುತ್ತಾರೆ. ಪಠಣ ಮಾಡಿಸಿದರೂ ಗುಣವಾಗದಿದ್ದರೆ? ಮಿಲಿಂದ ಅದನ್ನೂ ಕೇಳಿದ್ದ. ಕರ್ಮದ ಅಡ್ಡಿ, ಕ್ಲೇಶದ ಅಡ್ಡಿ, ಶ್ರದ್ಧೆಯ ಕೊರತೆ ಎಂದು ನಾಗಸೇನ ಮೂರು ಕಾರಣ ಕೊಟ್ಟ. ಕರ್ಮದಿಂದ ಹುಟ್ಟುವ ನೋವು ಸ್ವಲ್ಪವೇ ಎಂದಿದ್ದವನೇ ಸೋಲಿನ ಲೆಕ್ಕಕ್ಕೆ ಕರ್ಮವನ್ನು ಮರಳಿ ತಂದಿದ್ದಾನೆ. ಥಾಯ್ಲೆಂಡಿನಲ್ಲಿ ಹಿಂದಿನ ಜನ್ಮಗಳಲ್ಲಿ ನಮ್ಮಿಂದ ನೊಂದ ಜೀವಿಗಳನ್ನು 'ಚಾವ್ ಕಮ್ ನಾಯ್ ವೆನ್' ಎಂದು ಕರೆದು, ದೀರ್ಘ ಕಾಯಿಲೆಗೆ ಅವರ ಮುನಿಸೇ ಕಾರಣವೆಂದು ನಂಬಿ, ದಾನ ಮಾಡಿ ಪುಣ್ಯವನ್ನು ಅವರ ಹೆಸರಿಗೆ ಧಾರೆ ಎರೆಯುತ್ತಾರೆ.

ರೋಗನಿಮಿತ್ತದ ಆಚರಣೆಗಳೆಲ್ಲ ಬೌದ್ಧರಿಗೆ ಸಮ್ಮತವಾಗಿದ್ದವೆಂದು ಭಾವಿಸಬಾರದು. ಕಾಯಿಲೆ, ಮದುವೆ, ಪ್ರಯಾಣಗಳ ಸಂದರ್ಭದಲ್ಲಿ ಜನ, ಅದರಲ್ಲೂ ಹೆಂಗಸರು, ಮಾಡುವ ಮಂಗಲಗಳು ಅಲ್ಪಫಲದವು ಎಂದು ಅಶೋಕ ತನ್ನ ಒಂಬತ್ತನೆಯ ಬಂಡೆ ಶಾಸನದಲ್ಲಿ ಮೂದಲಿಸಿದ್ದಾನೆ. ಎರಡನೆಯ ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿ, ಮೂಲಿಕೆಗಳಿಲ್ಲದ ಕಡೆ ತರಿಸಿ ನೆಡಿಸಿದ್ದಾಗಿ ಹೇಳಿಕೊಂಡಿದ್ದಾನೆ.

ಭೈಷಜ್ಯಗುರು

ಮಹಾಯಾನದಲ್ಲಿ ವೈದ್ಯನೇ ಬುದ್ಧನಾದ. ವೈಡೂರ್ಯದ ಕಾಂತಿಯ, ಕೈಯಲ್ಲಿ ಔಷಧ ಹಿಡಿದ ಭೈಷಜ್ಯಗುರುವಿನ ಸೂತ್ರದ ಸಂಸ್ಕೃತ ಪ್ರತಿಗಳು 1931ರಲ್ಲಿ ಗಿಲ್ಗಿಟ್‌ನಲ್ಲಿ ಸಿಕ್ಕ ಹಸ್ತಪ್ರತಿಗಳ ರಾಶಿಯಲ್ಲಿದ್ದವು. ಚೀನೀ ಯಾತ್ರಿಕ ಷ್ವಾನ್‌ಝಾಂಗ್ 650ರಲ್ಲಿ ಅದನ್ನು ಚೀನೀ ಭಾಷೆಗೆ ತಂದಿದ್ದ. ಬೋಧಿಸತ್ವನಾಗಿದ್ದಾಗ ಭೈಷಜ್ಯಗುರು ತೊಟ್ಟ ಹನ್ನೆರಡು ಪ್ರತಿಜ್ಞೆಗಳಲ್ಲಿ ಏಳನೆಯದು, ವೈದ್ಯನಿಲ್ಲದ, ಮದ್ದಿಲ್ಲದ, ನೋಡಿಕೊಳ್ಳುವ ಬಂಧುಗಳಿಲ್ಲದ ರೋಗಿಗೆ ತನ್ನ ಹೆಸರು ಕಿವಿಗೆ ಬಿದ್ದೊಡನೆ ರೋಗ ನೀಗಲಿ ಎಂಬುದು. ನಾಮಶ್ರವಣದಿಂದಲೇ ಕರ್ಮ ಕರಗುತ್ತದೆಂಬ ಈ ಭರವಸೆ ಪಾಲಿ ಸುತ್ತಗಳ ಮಿತಭಾಷೆಯಿಂದ ಬಹಳ ದೂರ ಬಂದಿದೆ. ನಲವತ್ತೊಂಬತ್ತು ಸಲ ಪಾರಾಯಣ, ನಲವತ್ತೊಂಬತ್ತು ದಿನ ಆರದ ದೀಪ, ಸೆರೆಯಲ್ಲಿರುವ ಪ್ರಾಣಿಗಳ ಬಿಡುಗಡೆ ಇವು ಸೂತ್ರ ವಿಧಿಸುವ ಕ್ರಮ. ಅದೇ ಸೂತ್ರ ಒಂಬತ್ತು ಬಗೆಯ ಅಕಾಲಮರಣಗಳನ್ನು ಎಣಿಸುವಾಗ ಮೊದಲು ಹೆಸರಿಸುವುದು, ಹಗುರ ಕಾಯಿಲೆಗೂ ಸರಿಯಾದ ವೈದ್ಯ ಸಿಗದೆ, ತಪ್ಪು ಮದ್ದು ತಿಂದು, ಕಣಿ ಹೇಳುವವರನ್ನು ನಂಬಿ ಬಲಿ ಕೊಟ್ಟು ಸಾಯುವುದನ್ನು. ಭಕ್ತಿಯ ನಡುವೆಯೂ ವಿನಯಪಿಟಕದ ವ್ಯವಹಾರಜ್ಞಾನ ಉಳಿದಿದೆ.

ಜಪಾನಿನ ಸಾಮ್ರಾಟ ತೆನ್ಮು 680ರಲ್ಲಿ ಕಾಯಿಲೆ ಬಿದ್ದ ರಾಣಿಯ ಆರೋಗ್ಯಕ್ಕಾಗಿ ಭೈಷಜ್ಯಗುರುವಿನ ಯಾಕುಶಿಜಿ ದೇವಾಲಯದ ಹರಕೆ ಹೊತ್ತ. ರಾಣಿ ಚೇತರಿಸಿಕೊಂಡಳು, 686ರಲ್ಲಿ ತೀರಿಕೊಂಡದ್ದು ತೆನ್ಮು. ಆಮೇಲೆ ಪಟ್ಟವೇರಿದ ಆ ರಾಣಿಯೇ ಜಿತೋ. ಕಾಂಬೋಡಿಯದಲ್ಲಿ ಏಳನೆಯ ಜಯವರ್ಮ ಭೈಷಜ್ಯಗುರುವನ್ನು ಅಧಿದೇವತೆಯಾಗಿಸಿ ರಾಜ್ಯದಾದ್ಯಂತ ಆರೋಗ್ಯಶಾಲೆಗಳನ್ನು ಕಟ್ಟಿಸಿದ. 1186ರ ತಾ ಪ್ರೋಮ್ ಶಾಸನ ಅವುಗಳ ಸಂಖ್ಯೆಯನ್ನು 102 ಎನ್ನುತ್ತದೆ. ಪ್ರಜೆಗಳ ದೇಹದ ರೋಗ ರಾಜನಿಗೆ ಮನಸ್ಸಿನ ರೋಗವಾಗಿ ಇನ್ನೂ ಹೆಚ್ಚು ಬಾಧಿಸಿತೆಂಬುದು ಅವನ ಆಸ್ಪತ್ರೆ ಶಾಸನಗಳ ಭಾವ. ವಿಮಲಕೀರ್ತಿ ನಿರ್ದೇಶ ಸೂತ್ರದ ನೆರಳು ಇಲ್ಲಿ ಕಾಣುತ್ತದೆ. ವೈಶಾಲಿಯ ಗೃಹಸ್ಥ ವಿಮಲಕೀರ್ತಿ ಹಾಸಿಗೆ ಹಿಡಿದು ಮಲಗಿ, ವಿಚಾರಿಸಲು ಬಂದ ಮಂಜುಶ್ರೀಗೆ, ಜೀವಿಗಳೆಲ್ಲ ರೋಗಿಗಳಾಗಿರುವುದರಿಂದ ತಾನೂ ರೋಗಿ ಎಂದು ಕಾರಣ ಕೊಡುತ್ತಾನೆ. ಕಾಯಿಲೆ ಪಾಪದ ಗುರುತಾಗುವ ಬದಲು ಕರುಣೆಯ ಗುರುತಾಯಿತು.

ಚೀನಾದ ತಿಯೆನ್‌ತಾಯ್ ಪಂಥದ ಝ಼ಿಯಿ (538–597) ಧ್ಯಾನದ ಬಗೆಗಿನ ತನ್ನ ಮಹಾಗ್ರಂಥದಲ್ಲಿ ರೋಗಕ್ಕೆ ಆರು ಕಾರಣ ಹೇಳಿದ: ಮಹಾಭೂತಗಳ ಏರುಪೇರು, ಆಹಾರದ ಅವ್ಯವಸ್ಥೆ, ತಪ್ಪು ಧ್ಯಾನ, ಭೂತಪ್ರೇತ, ಮಾರ, ಕರ್ಮ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಆಹಾರದಿಂದ ಬಂದದ್ದಕ್ಕೆ ಮದ್ದು, ಕರ್ಮದಿಂದ ಬಂದದ್ದಕ್ಕೆ ಒಳಗಿನ ಧ್ಯಾನದ ಜೊತೆ ಪಶ್ಚಾತ್ತಾಪ. ಧ್ಯಾನವೇ ರೋಗ ತರಬಲ್ಲದು ಎಂಬುದನ್ನು ಅವನು ಮುಚ್ಚಿಡಲಿಲ್ಲ. ಸಾವಿರ ವರ್ಷದ ಮೇಲೆ ಜಪಾನಿನ ಝೆನ್ ಗುರು ಹಕುಯಿನ್ (1686–1769) ಅತಿಸಾಧನೆಯಿಂದ ತಾನು ಜರ್ಜರನಾದ ಕಥೆಯನ್ನು 'ಯಾಸೆನ್ ಕನ್ನಾ' ಎಂಬ ಪುಸ್ತಕದಲ್ಲಿ ಬರೆದ. ತಲೆಯ ಮೇಲಿಟ್ಟ ಪರಿಮಳದ ಬೆಣ್ಣೆಯ ಮುದ್ದೆ ಕರಗಿ ಮೈಯೆಲ್ಲ ಇಳಿಯುತ್ತಿದೆಯೆಂದು ಭಾವಿಸುವ ಅವನ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಕುಷ್ಠದ ಕಳಂಕ

ಕರ್ಮದ ವಿವರಣೆ ಎಷ್ಟು ಕ್ರೂರವಾಗಬಹುದೆಂಬುದಕ್ಕೆ ಜಪಾನಿನ ಕುಷ್ಠರೋಗದ ಚರಿತ್ರೆ ಸಾಕ್ಷಿ. ಸದ್ಧರ್ಮಪುಂಡರೀಕ ಸೂತ್ರದ ಕೊನೆಯ ಅಧ್ಯಾಯ, ಸೂತ್ರವನ್ನು ಧರಿಸಿದವರನ್ನು ನಿಂದಿಸಿದವನಿಗೆ ಇದೇ ಜನ್ಮದಲ್ಲಿ ಕುಷ್ಠ ತಗಲುತ್ತದೆ ಎನ್ನುತ್ತದೆ. ಮಧ್ಯಯುಗದ ಜಪಾನಿನಲ್ಲಿ ಕುಷ್ಠ ಕರ್ಮದ ರೋಗವೆಂದೇ ಹೆಸರಾಯಿತು. ರೋಗಿಗಳು ಮನೆ ಬಿಟ್ಟು ಊರ ಅಂಚಿನ ವಸತಿಗಳಲ್ಲಿ ಭಿಕ್ಷೆ ಬೇಡಿ ಬದುಕಿದರು. ಅದೇ ನಂಬಿಕೆಯೊಳಗಿಂದಲೇ ನಿನ್‌ಶೋ (1217–1303) ಎಂಬ ಭಿಕ್ಷು ಎದ್ದುಬಂದ. ಮಂಜುಶ್ರೀ ಬೋಧಿಸತ್ವ ತಿರಸ್ಕೃತರ ರೂಪದಲ್ಲೇ ಎದುರಾಗುತ್ತಾನೆಂದು ನಂಬಿದ ಅವನೂ ಅವನ ಗುರು ಐಸೋನನೂ ನಾರಾ ನಗರದ ಕುಷ್ಠರೋಗಿಗಳಿಗೆ ಅನ್ನ, ವಸತಿ, ಸ್ನಾನದ ಏರ್ಪಾಡು ಮಾಡಿದರು. ನಡೆಯಲಾರದ ರೋಗಿಯೊಬ್ಬನನ್ನು ನಿನ್‌ಶೋ ಬೆನ್ನ ಮೇಲೆ ಹೊತ್ತು ಭಿಕ್ಷೆಯ ಜಾಗಕ್ಕೆ ಮುಟ್ಟಿಸುತ್ತಿದ್ದನೆಂದು ಪ್ರತೀತಿ. ಅವನು ಕರ್ಮಸಿದ್ಧಾಂತವನ್ನು ಪ್ರಶ್ನಿಸಲಿಲ್ಲ. ರೋಗಿಗಳಿಂದಲೂ ಪಶ್ಚಾತ್ತಾಪದ ಪ್ರತಿಜ್ಞೆ ಬಯಸಿದ. ಆಧುನಿಕ ಸರ್ಕಾರ ಬಂದ ಮೇಲೂ ಪರಿಸ್ಥಿತಿ ತಿಳಿಯಾಗಲಿಲ್ಲ: 1907ರಲ್ಲಿ ಆರಂಭವಾದ ಪ್ರತ್ಯೇಕೀಕರಣದ ಕಾನೂನು ರದ್ದಾದದ್ದು 1996ರಲ್ಲಿ. ಅದೇ ವರ್ಷ ಶಿನ್ ಬೌದ್ಧರ ಒತಾನಿ ಶಾಖೆ, ರೋಗಿಗಳಿಗೆ ಹಣೆಬರಹವೆಂದು ಒಪ್ಪಿಕೊಳ್ಳಲು ಬೋಧಿಸಿ ಈ ನೀತಿಗೆ ನೆರವಾದದ್ದಕ್ಕೆ ಕ್ಷಮೆ ಕೇಳಿತು.

ಟಿಬೆಟ್ ಮತ್ತು ಬೈಲುಕುಪ್ಪೆ

ಟಿಬೆಟಿನ ವೈದ್ಯ ಪದ್ಧತಿ ಸೋವಾ ರಿಗ್ಪಾ ಧರ್ಮವನ್ನೂ ಔಷಧವನ್ನೂ ಒಂದೇ ಚೌಕಟ್ಟಿಗೆ ತಂದಿದೆ. ಮೂಲಗ್ರಂಥ 'ಗ್ಯುಶಿ' ಭೈಷಜ್ಯಗುರುವಿನ ಉಪದೇಶದ ರೂಪದಲ್ಲಿದೆ. ಅದರ ಪ್ರಕಾರ ರಾಗದಿಂದ ವಾತ, ದ್ವೇಷದಿಂದ ಪಿತ್ತ, ಮೋಹದಿಂದ ಕಫ ಕೆರಳುತ್ತವೆ; ಎಲ್ಲದರ ಬೇರು ಅವಿದ್ಯೆ. ಒಟ್ಟು 404 ರೋಗಗಳನ್ನು ತಲಾ ನೂರೊಂದರ ನಾಲ್ಕು ಗುಂಪುಗಳಾಗಿ ಹಂಚುತ್ತಾರೆ: ತಾವಾಗಿ ವಾಸಿಯಾಗುವವು, ಈ ಜನ್ಮದ ಆಹಾರ ವಿಹಾರದಿಂದ ಬಂದು ಮದ್ದಿಗೆ ಬಗ್ಗುವವು, ಭೂತಬಾಧೆಯಿಂದ ಬಂದು ಪೂಜೆಗೆ ಬಗ್ಗುವವು, ಪೂರ್ವಕರ್ಮದಿಂದ ಬಂದು ಧರ್ಮಾಚರಣೆಯಿಲ್ಲದೆ ಬಗ್ಗದವು. ಹನ್ನೆರಡನೆಯ ಶತಮಾನದ ಚೇಕಾವಾ ಎಂಬ ಗೆಶೆ, ಇತರರ ನೋವನ್ನು ಉಸಿರಿನೊಡನೆ ಒಳಗೆಳೆದು ತನ್ನ ಸುಖವನ್ನು ಹೊರಬಿಡುವ ತೊಂಗ್ಲೆನ್ ಧ್ಯಾನವನ್ನು ಕುಷ್ಠರೋಗಿಗಳಿಗೂ ಕಲಿಸಿದ. ಕೆಲವರು ಗುಣವಾದರೆಂಬ ಸುದ್ದಿ ಹಬ್ಬಿ ಅದಕ್ಕೆ ಕುಷ್ಠರೋಗಿಗಳ ಧರ್ಮವೆಂಬ ಹೆಸರೂ ಬಂತು.

ಲ್ಹಾಸಾದಲ್ಲಿ 1916ರಲ್ಲಿ ಹುಟ್ಟಿದ ಮೆನ್ ತ್ಸೀ ಖಾಂಗ್ ವೈದ್ಯಸಂಸ್ಥೆ 1961ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ತಲೆಯೆತ್ತಿತು. ಟಿಬೆಟನ್ನರು ನೆಲೆ ಕಂಡ ಮೈಸೂರು ಜಿಲ್ಲೆಯ ಬೈಲುಕುಪ್ಪೆ, ಉತ್ತರ ಕನ್ನಡದ ಮುಂಡಗೋಡುಗಳಲ್ಲೂ ಬೆಂಗಳೂರಿನಲ್ಲೂ ಅದರ ಶಾಖೆಗಳಿವೆ. ಕನ್ನಡಿಗ ರೋಗಿಗಳೂ ಅಲ್ಲಿಗೆ ಹೋಗುವುದುಂಟು. ಅಮ್ಚಿ ಎಂದು ಕರೆಸಿಕೊಳ್ಳುವ ವೈದ್ಯರು ಎರಡೂ ಕೈಗಳ ನಾಡಿ ಹಿಡಿದು, ಮೂತ್ರದ ಬಣ್ಣ ನೊರೆಗಳನ್ನು ನೋಡಿ, ಮೊದಲು ಪಥ್ಯ, ಆಮೇಲೆ ನಡವಳಿಕೆ, ಆಮೇಲೆ ಗುಳಿಗೆ ಎಂಬ ಕ್ರಮದಲ್ಲಿ ಚಿಕಿತ್ಸೆ ಹೇಳುತ್ತಾರೆ. ರತ್ನಗುಳಿಗೆಗಳನ್ನು ಮಂತ್ರಿಸಿ ಬಣ್ಣದ ಬಟ್ಟೆಯಲ್ಲಿ ಸುತ್ತಿ ಕೊಡುವ ಪದ್ಧತಿಯಿದೆ. ಬೈಲುಕುಪ್ಪೆಯ ಸ್ವರ್ಣಮಂದಿರದಲ್ಲಿ ಪ್ರವಾಸಿಗರು ಕತ್ತೆತ್ತಿ ನೋಡುವ ಮೂರು ಭಾರಿ ಮೂರ್ತಿಗಳಲ್ಲಿ ಒಂದು ದೀರ್ಘಾಯುಷ್ಯದ ಬುದ್ಧ ಅಮಿತಾಯುವಿನದು. ಭಾರತ ಸರ್ಕಾರ 2010ರಲ್ಲಿ ಸೋವಾ ರಿಗ್ಪಾಗೆ ಅಧಿಕೃತ ವೈದ್ಯಪದ್ಧತಿಯ ಮಾನ್ಯತೆ ಕೊಟ್ಟಿತು. ಟಿಬೆಟನ್ ನೆಲೆಗಳನ್ನು ಬಹಳ ಕಾಡಿದ ಕ್ಷಯಕ್ಕೆ ಮಾತ್ರ ಆಧುನಿಕ ಆಸ್ಪತ್ರೆಯ ಮಾತ್ರೆಗಳೇ ಆಸರೆ. ಪೂಜೆ, ಗುಳಿಗೆ, ಆಸ್ಪತ್ರೆ ಮೂರನ್ನೂ ಒಂದೇ ಕುಟುಂಬ ಒಟ್ಟಿಗೆ ನಡೆಸುತ್ತದೆ.

ಇಪ್ಪತ್ತನೆಯ ಶತಮಾನ

ಬರ್ಮಾದ ಭಾರತೀಯ ವ್ಯಾಪಾರಿ ಎಸ್. ಎನ್. ಗೋಯೆಂಕಾ ಮಾರ್ಫಿನ್‌ಗೂ ಸುಲಭವಾಗಿ ಬಗ್ಗದ ಮೈಗ್ರೇನ್ ತಲೆನೋವಿನಿಂದ ನರಳಿ, 1955ರಲ್ಲಿ ರಂಗೂನಿನ ಸಯಾಜಿ ಊ ಬಾ ಖಿನ್ ಅವರ ಬಳಿಗೆ ಹೋದರು. ತಲೆನೋವು ವಾಸಿ ಮಾಡಿಸಿಕೊಳ್ಳಲು ಬಂದವರಿಗೆ ವಿಪಶ್ಯನ ಧ್ಯಾನ ಕಲಿಸುವುದಿಲ್ಲವೆಂದು ಗುರು ಮೊದಲು ಒಪ್ಪಲಿಲ್ಲ. ಮನಸ್ಸಿನ ಶುದ್ಧಿಗೆಂದು ಬಂದರೆ ಸರಿ, ರೋಗ ಹೋದರೆ ಅದು ಉಪಫಲ ಎಂಬ ಷರತ್ತು ಹಾಕಿದರು. ಗೋಯೆಂಕಾ ಅವರ ತಲೆನೋವು ಹೋಯಿತು. 1976ರಲ್ಲಿ ಇಗತಪುರಿಯಲ್ಲಿ ಧಮ್ಮಗಿರಿ ಕೇಂದ್ರ ಸ್ಥಾಪನೆಯಾಯಿತು; ಅವರ ಶಿಬಿರಗಳು ಬೆಂಗಳೂರು ಸೇರಿ ಜಗತ್ತಿನೆಲ್ಲೆಡೆ ಹಬ್ಬಿದವು. ಅಮೆರಿಕದ ಜಾನ್ ಕಬಾಟ್ ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶುರು ಮಾಡಿದ ಮೈಂಡ್‌ಫುಲ್‌ನೆಸ್ ತರಬೇತಿ ಈ ಷರತ್ತನ್ನು ತಿರುವುಮುರುವು ಮಾಡಿತು. ಕರ್ಮ, ಪುನರ್ಜನ್ಮ, ನಿರ್ವಾಣ ಯಾವುದನ್ನೂ ಕೇಳದೆ, ದೀರ್ಘಕಾಲದ ನೋವಿರುವವರಿಗೆ ಎಂಟು ವಾರಗಳಲ್ಲಿ ಉಸಿರನ್ನೂ ದೇಹವನ್ನೂ ಗಮನಿಸಲು ಕಲಿಸಿತು. ಇದರಿಂದ ಬೆಳೆದ ಚಿಕಿತ್ಸಾಕ್ರಮವನ್ನು ಮರುಕಳಿಸುವ ಖಿನ್ನತೆಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲಿ ಶಿಫಾರಸು ಮಾಡಿತು.

ಬಿ. ಆರ್. ಅಂಬೇಡ್ಕರರು ಕರ್ಮದ ಪ್ರಶ್ನೆಯನ್ನೇ ನೇರವಾಗಿ ಕೈಗೆತ್ತಿಕೊಂಡರು. ಆತ್ಮವನ್ನು ಒಪ್ಪದ ಬುದ್ಧನ ಬೋಧನೆಯಲ್ಲಿ ಪೂರ್ವಜನ್ಮದ ಕರ್ಮ ಅಂಟಿಕೊಳ್ಳುವುದೆಲ್ಲಿ ಎಂಬುದು ಅವರ ತಾತ್ವಿಕ ಆಕ್ಷೇಪ. ಬಡವರ, ದೀನರ ದುಃಸ್ಥಿತಿಯ ಹೊಣೆಯಿಂದ ಸಮಾಜವೂ ಪ್ರಭುತ್ವವೂ ನುಣುಚಿಕೊಳ್ಳಲು ಆ ಸಿದ್ಧಾಂತ ನೆರವಾಗುತ್ತದೆ, ಕರುಣಾಮಯಿ ಬುದ್ಧ ಅದನ್ನು ಬೋಧಿಸಿರಲಾರ ಎಂಬುದು ನೈತಿಕ ಆಕ್ಷೇಪ. ಅವರ ದೃಷ್ಟಿಯಲ್ಲಿ ಕರ್ಮವೆಂದರೆ ಈ ಲೋಕದ ನೈತಿಕ ವ್ಯವಸ್ಥೆ. ಈ ಜನ್ಮದ ಕಷ್ಟಗಳನ್ನು ಹಿಂದಿನ ಜನ್ಮಕ್ಕೆ ಜೋಡಿಸುವುದು ಅದರ ಕೆಲಸವಲ್ಲ. ಕಲಬುರಗಿಯೂ ಸೇರಿ ಕರ್ನಾಟಕದ ಇಂದಿನ ಬುದ್ಧವಿಹಾರಗಳಲ್ಲಿ ಹಲವು ಅಂಬೇಡ್ಕರರು ತೋರಿದ ನವಯಾನದ ದಾರಿಯವು. ಈ ವಾದ ಮಂಡಿಸಿದ 'ದಿ ಬುದ್ಧ ಅಂಡ್ ಹಿಸ್ ಧಮ್ಮ' ಗ್ರಂಥವನ್ನು ಅಂಬೇಡ್ಕರರು ಮಧುಮೇಹ ಮತ್ತಿತರ ಕಾಯಿಲೆಗಳಿಂದ ಬಳಲುತ್ತಲೇ ಬರೆದರು. ಅದು ಅಚ್ಚಾಗಿ ಬಂದದ್ದು ಅವರು ತೀರಿಕೊಂಡ ಮರುವರ್ಷ, 1957ರಲ್ಲಿ. ಮೊದಲ ಮುದ್ರಣದಲ್ಲಿ ಸೇರದೆ ಹೋದ ಮುನ್ನುಡಿಯಲ್ಲಿ, ಬರವಣಿಗೆಯ ನಡುವೆ ಸಾವಿನಂಚಿಗೆ ಹೋಗಿ ಬಂದದ್ದನ್ನು ನೆನೆದು, ಬದುಕುಳಿದದ್ದಕ್ಕೆ ತಮ್ಮ ಹೆಂಡತಿ ಡಾ. ಸವಿತಾ ಅವರ ಮತ್ತು ಚಿಕಿತ್ಸೆ ನೀಡುತ್ತಿದ್ದ ಡಾ. ಮಾಲವಣ್‌ಕರ್ ಅವರ ವೈದ್ಯಕೌಶಲವೇ ಕಾರಣವೆಂದು ಕೃತಜ್ಞತೆ ಹೇಳಿದ್ದಾರೆ.